ಬಿಟ್ಟು ಬಂದದ್ದು

೧೦ ನವೆಂಬರ್ ೨೦೦೯, ಮಂಗಳವಾರ

ಸಂಜೆ ಕುಂದಾಪುರದ ಕಾಲೇಜಿನಿಂದ ಬಂದು ಹೆಮ್ಮಾಡಿಯಲ್ಲಿ ಬಸ್ಸಿಳಿದರೆ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಮಗಳು ಕೂತಿದ್ದಳು. ಪಕ್ಕದಲ್ಲಿ ಅದೇ ನೀಲಿ ಬ್ಯಾಗು. ಬ್ರಹ್ಮಾವರದಿಂದ ಮಧ್ಯಾಹ್ನವೇ ಬಂದವಳು ಮನೆಗೆ ಹೋಗದೆ ಮೂರು ಗಂಟೆ ಅಲ್ಲೇ ಕೂತಿದ್ದಾಳೆ. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಬ್ಯಾಗು ಎತ್ತಿಕೊಂಡೆ. ಗದ್ದೆಯಂಚಿನಲ್ಲಿ ಮನೆಗೆ ನಡೆದೆವು.

ವಿಜೇತಾಳ ಮದುವೆಯಾಗಿ ನಾಲ್ಕು ವರ್ಷ. ಹೀಗೆ ಬಂದದ್ದು ಇದು ಮೂರನೆಯ ಸಲ.

ಹೆಂಡತಿ ಸರೋಜ ಮಗಳಿಗೆ ಅನ್ನ ಬಡಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

೧೧ ನವೆಂಬರ್

ಬೈಂದೂರಿಗೆ ಫೋನು ಮಾಡಿ ಪ್ರೇಮಾನಂದ ಭಾವನಿಗೆ ತಿಳಿಸಿದೆ. ಸರೋಜಳ ಅಣ್ಣ. ಈ ಸಂಬಂಧ ಕುದುರಿಸಿದ್ದೂ ಅವರೇ. ಅಳಿಯ ಯೋಗೀಶನಿಗೆ ಬ್ರಹ್ಮಾವರದಲ್ಲಿ ಹಾರ್ಡ್‌ವೇರ್ ಅಂಗಡಿ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ದೊಡ್ಡವರ ಎದುರು ಕಾಲು ಮೇಲೆ ಕಾಲು ಹಾಕಿ ಕೂರುವುದಿಲ್ಲ. ಹೆಂಡತಿಯ ಮೇಲೆ ಕೈ ಮಾತ್ರ ಬೀಸುತ್ತಾನೆ.

ಈಗಲೇ ಮಾತು ಬೇಡ, ಸ್ವಲ್ಪ ಆರಲಿ ಎಂದರು ಭಾವ. ಇಪ್ಪತ್ತೊಂಬತ್ತರ ಭಾನುವಾರ ಎಲ್ಲರೂ ಕೂತು ಮಾತಾಡಿ ಕಳಿಸಿಕೊಡುವುದೆಂದು ಆಯಿತು. ನನಗೂ ಅದೇ ಬೇಕಿತ್ತೇನೋ. ಯಾರಾದರೂ ಒಂದು ದಿನ ಗೊತ್ತು ಮಾಡಿದರೆ ಅಲ್ಲಿಯವರೆಗೆ ಯೋಚಿಸುವ ಕೆಲಸವಿಲ್ಲ.

ಮೊಣಕಾಲು ನೋವು. ಅಟೆಂಡರ್ ಕೆಲಸದಿಂದ ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ.

೧೩ ನವೆಂಬರ್

ಅಂಗಳದಿಂದ ಮೂರು ಸಲ ಕೂಗಿದೆ. ಮಗಳು ಬಟ್ಟೆ ಒಣಹಾಕುತ್ತ ತಿರುಗಿಯೂ ನೋಡಲಿಲ್ಲ. ಸಿಟ್ಟು ಬಂತು. ಗಂಡನ ಮನೆಯಲ್ಲೂ ಹೀಗೇ ಇದ್ದರೆ ಯಾರು ಸಹಿಸುತ್ತಾರೆ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ ಎಂಬುದೊಂದೇ ಸಮಾಧಾನ.

೧೬ ನವೆಂಬರ್, ಸೋಮವಾರ

ಕಾಲೇಜಿನ ಮೇಲಿನ ಹಾಲಿನಲ್ಲಿ ಎರಡು ವಾರ ಚಿತ್ರ ಪ್ರದರ್ಶನವಂತೆ. ಬೆಳಿಗ್ಗೆ ಬಾಗಿಲು ತೆಗೆಯುವುದು, ದಿನವಿಡೀ ಕೂತು ಕಾಯುವುದು, ಸಂಜೆ ಬೀಗ ಹಾಕುವುದು ನನಗೆ. ನಲವತ್ತು ಚಿಲ್ಲರೆ ಚಿತ್ರಗಳು, ಎಲ್ಲಕ್ಕೂ ಗಾಜು. ಒಂದೊಂದನ್ನೇ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಮೊಣಕಾಲು ನನ್ನದಲ್ಲ ಅನ್ನಿಸಿತು.

ಚಿತ್ರ ಮಾಡಿದವರು ಜಲಜ ಎಂಬ ಹೆಂಗಸು. ಐವತ್ತರ ಆಸುಪಾಸು. ನಾವುಂದದ ಮೀನುಗಾರರ ಮನೆಯವರು, ಈಗ ಮೈಸೂರಿನಲ್ಲಿದ್ದಾರೆ. ಮೇಡಂ ಎಂದು ಕರೆದರೆ ತಿರುಗುವುದಿಲ್ಲ, ಜಲಜಕ್ಕ ಅಂದರೆ ಸಾಕು ಎಂದರು. ಅವರೂ ಒಂದು ತುದಿ ಹಿಡಿದು ಹೊತ್ತರು.

ಮರದ ಹಲಗೆಯಲ್ಲಿ ಕೆತ್ತಿ, ಮಸಿ ಬಳಿದು, ಕಾಗದ ಒತ್ತಿ ತೆಗೆಯುವ ಅಚ್ಚುಚಿತ್ರಗಳು. ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ಎಲ್ಲದರಲ್ಲೂ ಹೆಂಗಸರು. ಸಾರಾಯಿ ಅಂಗಡಿಯ ಬಾಗಿಲಿಗೆ ಅಡ್ಡ ಕೂತವರು, ಐಸಿನ ರಾಶಿಯಲ್ಲಿ ಕೈ ಹುಗಿದು ಸಿಗಡಿ ಸುಲಿಯುವವರು, ಆಸ್ಪತ್ರೆಯ ಜಗಲಿಯಲ್ಲಿ ಚೀಟಿ ಹಿಡಿದು ಕಾಯುವವರು. ಮನೆಯಲ್ಲಿ ಕಾಣುವುದು ಸಾಲದೆಂದು ಇಲ್ಲಿ ಗೋಡೆಗೂ ಹಾಕಿದ್ದಾರೆ.

೧೭ ನವೆಂಬರ್

ಉದ್ಘಾಟನೆ. ನಾಲ್ಕು ಭಾಷಣ. ಮೂವರು ‘ಸಾಮಾಜಿಕ ಕಳಕಳಿ’ ಎಂದರು. ಜಲಜಕ್ಕ ಎರಡು ನಿಮಿಷ ಮಾತಾಡಿ ಕೂತರು. ಆಮೇಲೆ ಎಲ್ಲರೂ ಗೋಳಿಬಜೆ ತಿನ್ನಲು ಕೆಳಗೆ ಹೋದರು. ಚಿತ್ರ ನೋಡಿದವರು ಕಡಿಮೆ.

೧೮ ನವೆಂಬರ್

ಗಾಜು ಒರೆಸುವಾಗ ಹದಿನೇಳನೆಯ ಚಿತ್ರದ ಎದುರು ನಿಂತೆ. ಒಂದು ಮಣ್ಣಿನ ದಾರಿ. ಮುಂದೆ ವಯಸ್ಸಾದ ಗಂಡಸು, ತಲೆಯ ಮೇಲೆ ತಗಡಿನ ಪೆಟ್ಟಿಗೆ. ನಾಲ್ಕು ಮಾರು ಹಿಂದೆ ಒಬ್ಬಳು ಹುಡುಗಿ. ಅವಳ ಮುಖ ಕಾಣುವುದಿಲ್ಲ, ತಗ್ಗಿಸಿದ್ದಾಳೆ. ಗಂಡಸಿನ ಮುಖ ಚೆನ್ನಾಗಿ ಕಾಣುತ್ತದೆ. ಒಳ್ಳೆಯ ಮುಖ. ದಿನವಿಡೀ ಗದ್ದೆಯಲ್ಲಿ ದುಡಿದು ಸಂಜೆ ಅಂಗಡಿಯ ಜಗಲಿಯಲ್ಲಿ ಕೂರುವವರ ಮುಖ. ಕೆಳಗೆ ಹೆಸರು: ‘ಬಿಟ್ಟು ಬಂದದ್ದು’.

ಅದೊಂದರ ಗಾಜು ಸರಿಯಾಗಿ ಒರೆಸದೆ ಮುಂದೆ ಹೋದೆ.

೧೯ ನವೆಂಬರ್

ಬಿ.ಎ. ಮಕ್ಕಳನ್ನು ಕರೆದುಕೊಂಡು ಮೇಷ್ಟ್ರೊಬ್ಬರು ಬಂದಿದ್ದರು. ಹದಿನೇಳನೆಯದರ ಎದುರು ನಿಂತು ವಿವರಿಸಿದರು: ಗಂಡನನ್ನು ಬಿಟ್ಟು ಬಂದ ಮಗಳನ್ನು ತಂದೆ ಮನೆಗೆ ಕರೆತರುತ್ತಿದ್ದಾನೆ, ಸಮಾಜವನ್ನು ಎದುರು ಹಾಕಿಕೊಂಡ ತಂದೆ. ಮಕ್ಕಳು ಬರೆದುಕೊಂಡರು.

ಅದು ಹಾಗಲ್ಲ. ಆತ ಕರೆತರುತ್ತಿಲ್ಲ, ಬಿಡಲು ಹೋಗುತ್ತಿದ್ದಾನೆ. ಕರೆತರುವಾಗ ಜೊತೆಯಲ್ಲೇ ನಡೆಯುತ್ತೇವೆ. ಬಿಡಲು ಹೋಗುವಾಗ ಮುಂದೆ ನಡೆಯುತ್ತೇವೆ, ಮುಖ ನೋಡಬೇಕಾಗಬಾರದು ಎಂದು. ಇದನ್ನು ಮೇಷ್ಟ್ರಿಗೆ ಹೇಳಲು ನಾನು ಯಾರು? ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದೆ.

ಮಾರ್ಚಿನಲ್ಲಿ ಅವಳನ್ನು ಬಿಡಲು ಹೊರಟಾಗ ಹೆಮ್ಮಾಡಿ ಸ್ಟಾಪಿನಲ್ಲಿ, ಅಪ್ಪಯ್ಯ ಒಂದು ಚಾ ಕುಡಿದು ಹೋಗುವ ಎಂದಿದ್ದಳು. ಬಸ್ಸು ಬರುವ ಹೊತ್ತಾಯಿತು ಎಂದೆ. ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು. ನಿಂತೇ ಇದ್ದೆವು. ಚಾ ಅವಳು ಮನೆಯಲ್ಲಿ ಕುಡಿದಿದ್ದಳು. ಅವಳಿಗೆ ಬೇಕಿದ್ದದ್ದು ಚಾ ಅಲ್ಲ.

೨೦ ನವೆಂಬರ್

ಯೋಗೀಶ ಫೋನು ಮಾಡಿದ್ದ. ಬಹಳ ಮರ್ಯಾದೆಯ ಮಾತು.

೨೧ ನವೆಂಬರ್, ಶನಿವಾರ

ಮಧ್ಯಾಹ್ನ ಹಾಲಿನಲ್ಲಿ ಯಾರೂ ಇರಲಿಲ್ಲ. ಜಲಜಕ್ಕ ಕಿಟಕಿಯ ಬಳಿ ಹಲಗೆ ಇಟ್ಟುಕೊಂಡು ಏನೋ ಕೆತ್ತುತ್ತಿದ್ದರು. ಬಾಯಿ ತಡೆಯದೆ ಕೇಳಿಬಿಟ್ಟೆ, ಆ ಚಿತ್ರದಲ್ಲಿ ಇರುವುದು ಯಾರು ಎಂದು. ಮೇಷ್ಟ್ರು ಹೇಳಿದ್ದನ್ನೂ ಹೇಳಿದೆ. ಅವರು ಉಳಿ ಕೆಳಗಿಟ್ಟರು.

“ಅದ್ ನನ್ನ್ ಅಪ್ಪಯ್ಯ. ಹಿಂದ್ ಬಪ್ಪುದ್ ನನ್ನ್ ಅಕ್ಕ.”

ಅಕ್ಕನನ್ನು ಶಂಕರನಾರಾಯಣ ಊರಿನ ಕಡೆಗೆ ಕೊಟ್ಟಿದ್ದರಂತೆ. ಎರಡು ಸಲ ಓಡಿ ಬಂದಳಂತೆ, ಎರಡು ಸಲವೂ ಅಪ್ಪ ಕರೆದುಕೊಂಡು ಹೋಗಿ ಬಿಟ್ಟು ಬಂದರಂತೆ. ಎರಡನೆಯ ಸಲ ಬಿಟ್ಟು ಬಂದ ಮಳೆಗಾಲದಲ್ಲೇ ಅಕ್ಕ ಬಾವಿಗೆ ಬಿದ್ದಳು. ಕಾಲು ಜಾರಿತು ಎಂದು ಅವರ ಕಡೆಯವರು ಹೇಳಿದರು. ಇವರ ಕಡೆಯವರೂ ಹಾಗೆಯೇ ಹೇಳಿದರು.

ಜಲಜಕ್ಕ ಇದನ್ನೆಲ್ಲ ಸ್ವರ ಏರಿಸದೆ ಹೇಳಿದರು. ಆ ಹಲಗೆಯನ್ನು ಮತ್ತೆ ಮತ್ತೆ ಕೆತ್ತಿ ಎಸೆದರಂತೆ. ಮೊದಮೊದಲು ಅಪ್ಪನ ಮುಖವನ್ನು ಕ್ರೂರವಾಗಿ ಕೆತ್ತಿದ್ದರು, ನೋಡಿದಾಗೆಲ್ಲ ಸುಳ್ಳೆನಿಸುತ್ತಿತ್ತಂತೆ.

“ಅಪ್ಪಯ್ಯ ಕೆಟ್ಟೋರ್ ಅಲ್ಲ ಸೂರಣ್ಣ. ಕೆಟ್ಟೋರ್ ಆಯಿದ್ರೆ ಕೆತ್ತುಕೆ ಸುಲ್ಭ ಆತಿತ್.”

ಅಪ್ಪ ಇದನ್ನು ನೋಡಿದ್ದಾರಾ ಎಂದು ಕೇಳಿದೆ. ಸಾಯುವ ಮೊದಲಿನ ವರ್ಷ ಊರಿಗೆ ತಂದು ತೋರಿಸಿದರಂತೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ, ಪೆಟ್ಟಿಗೆ ಹೊತ್ತದ್ದು ತಲೆಯ ಮೇಲಲ್ಲ, ಹೆಗಲ ಮೇಲೆ ಎಂದರಂತೆ.

ನಾನು ಎದ್ದು ಕಿಟಕಿಗಳನ್ನು ಹಾಕಿದೆ. ಗಂಟೆ ಮೂರೂವರೆ. ಹಾಕುವ ಹೊತ್ತೇನೂ ಆಗಿರಲಿಲ್ಲ.

೨೩ ನವೆಂಬರ್, ಸೋಮವಾರ

ಬುತ್ತಿ ಮರೆತು ಹೋಗಿದ್ದೆ. ಸರೋಜ ಮಗಳ ಕೈಯಲ್ಲಿ ಕಳಿಸಿದಳು. ಬುತ್ತಿ ಕೊಟ್ಟು ಹೋಗುತ್ತಾಳೆ ಎಂದುಕೊಂಡರೆ ಹಾಲನ್ನು ಒಂದು ಸುತ್ತು ಬಂದಳು. ಹದಿನೇಳರ ಎದುರು ಅವಳು ನಿಂತಾಗ ನಾನು ಬುತ್ತಿಯ ಮುಚ್ಚಳ ತೆಗೆಯುವುದರಲ್ಲಿದ್ದೆ. ತೆಗೆಯಲು ಬಹಳ ಹೊತ್ತು ಹಿಡಿಯಿತು.

ಮುಂದೆ ಮೀನು ಮಾರುವವರ ಜಗಳದ ಚಿತ್ರವಿದೆ. ಇಬ್ಬರು ಹೆಂಗಸರು ಸೊಂಟಕ್ಕೆ ಕೈ ಕೊಟ್ಟು ಬೈದಾಡುತ್ತಿದ್ದಾರೆ, ನಡುವಿನ ಬುಟ್ಟಿಯಿಂದ ಬೆಕ್ಕು ಬಂಗುಡೆ ಎತ್ತಿಕೊಂಡು ಹೋಗುತ್ತಿದೆ. ಅಲ್ಲಿ ನಕ್ಕಳು. ಸಣ್ಣ ನಗು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತು.

ಜಲಜಕ್ಕ ಹತ್ತಿರ ಹೋಗಿ ಏನೋ ಕೇಳಿದರು. ಮಗಳು ಮಾತಾಡಲಿಲ್ಲ, ಚಿತ್ರವನ್ನೇ ನೋಡುತ್ತಿದ್ದಳು. ಮರ್ಯಾದೆ ಇಲ್ಲವಲ್ಲ ಎಂದು ನಾನು ಎದ್ದೆ. ಅಷ್ಟರಲ್ಲಿ ಜಲಜಕ್ಕ ಆಚೆ ಬದಿಗೆ ಹೋಗಿ ನಿಂತು ಮತ್ತೆ ಅದನ್ನೇ ಕೇಳಿದರು. ಮಗಳು ತಟ್ಟನೆ ತಿರುಗಿ ಉತ್ತರ ಕೊಟ್ಟಳು. ಅರ್ಧ ಗಂಟೆ ಮಾತಾಡಿಕೊಂಡಿದ್ದರು.

ಅವಳು ಹೋದ ಮೇಲೆ ಜಲಜಕ್ಕ ನನ್ನ ಬಳಿ ಬಂದರು.

“ಹೆಣ್ಣಿಗೆ ಎಡ ಕೆಮಿ ಯಾವಾಗಿಂದ ಕೇಂತಿಲ್ಲೆ?”

ಎಡಗಿವಿ ಕೇಳದ್ದನ್ನು ಐದು ನಿಮಿಷದಲ್ಲಿ ಕಂಡುಕೊಂಡರು. ಹದಿಮೂರು ದಿನ ಒಂದೇ ಮನೆಯಲ್ಲಿದ್ದವನು ನಾನು.

೨೪ ನವೆಂಬರ್

ಬೆಳಿಗ್ಗೆ ಎಡಗಡೆಯಿಂದ ಮೆಲ್ಲಗೆ ಕರೆದೆ. ತಿರುಗಲಿಲ್ಲ. ಬಲಗಡೆಯಿಂದ ಕರೆದೆ. “ಎಂತ ಅಪ್ಪಯ್ಯ?” ಎಂದಳು. ಏನಿಲ್ಲ ಎಂದೆ.

ಸರೋಜಳನ್ನು ಕೇಳಿದೆ. ಮಗಳು ದೀಪಾವಳಿಗೆ ಬಂದಾಗಿಂದಲೇ ಅವಳಿಗೆ ಗೊತ್ತಿತ್ತಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಜಗಳಕ್ಕಲ್ಲ, ನಿಜವಾಗಿ ಕೇಳಿದ್ದು.

೨೬ ನವೆಂಬರ್

ಮಗಳು ನಿನ್ನೆಯೂ ಇವತ್ತೂ ಹಾಲಿಗೆ ಬಂದಳು. ಜಲಜಕ್ಕ ಅವಳಿಗೆ ಅಚ್ಚು ತೆಗೆಯಲು ಕಲಿಸುತ್ತಿದ್ದಾರೆ. ಮಸಿ ಬಳಿದ ಹಲಗೆಯ ಮೇಲೆ ತೆಳು ಕಾಗದ ಹಾಸಿ ಚಮಚದ ಬೆನ್ನಿನಿಂದ ಉಜ್ಜಬೇಕು. ಅವಸರ ಮಾಡಿದರೆ ಹರಿಯುತ್ತದೆ. ಮೂರು ಕಾಗದ ಹರಿದಳು, ನಾಲ್ಕನೆಯದು ಬಂತು. ಮೊಣಕೈವರೆಗೆ ಕಪ್ಪು.

ಸಂಜೆ ಭಾವನ ಫೋನು. ಹುಡುಗಿ ದಿನಾ ಕುಂದಾಪುರ ಪೇಟೆಯಲ್ಲಿ ತಿರುಗುತ್ತಿದ್ದಾಳೆಂದು ಯಾರೋ ಹೇಳಿದರಂತೆ. ಯೋಗೀಶನ ಕಿವಿಗೆ ಬಿದ್ದರೆ ಕಷ್ಟ ಎಂದರು. ನನ್ನ ಜೊತೆಯಲ್ಲೇ ಇದ್ದಾಳೆ ಎಂದೆ. ಮೂರು ದಿನದ ಮಟ್ಟಿಗೆ ಮನೆಯಲ್ಲಿರಲಿ ಎಂದರು. ಆಯಿತು ಎಂದೆ. ಹೇಳಿ ಅಭ್ಯಾಸವಾಗಿಬಿಟ್ಟಿದೆ. ಮಗಳಿಗೆ ಮಾತ್ರ ಹೇಳಲಿಲ್ಲ.

೨೮ ನವೆಂಬರ್, ಶನಿವಾರ

ಪ್ರದರ್ಶನ ಮುಗಿಯಿತು. ಹೊತ್ತು ಹತ್ತಿಸಿದ್ದನ್ನೆಲ್ಲ ಹೊತ್ತು ಇಳಿಸಿದೆ. ಜಲಜಕ್ಕ ನಮಗೊಂದು ಚಿತ್ರ ಕೊಡುತ್ತೇನೆ ಎಂದರು. ನಾನು ಹದಿನೇಳನೆಯದು ಬೇಡ ಎಂದೆ. ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ ಎಂದು ನಕ್ಕರು. ಮಗಳಿಗೆ ಬೆಕ್ಕಿನ ಚಿತ್ರ ಕೊಟ್ಟರು. ಮಹಿಳಾ ಸಹಾಯವಾಣಿಯವರ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ನನ್ನ ಕೈಗೆ ಕೊಡಲಿಲ್ಲ, ಅವಳ ಕೈಗೆ ಕೊಟ್ಟರು.

ನಾಳೆ ಭಾನುವಾರ. ನಾಳೆಯೂ ಡ್ಯೂಟಿ ಇದ್ದಿದ್ದರೆ ಎಂದು ಒಮ್ಮೆ ಅನ್ನಿಸಿತು.

೨೯ ನವೆಂಬರ್, ಭಾನುವಾರ

ಹತ್ತು ಗಂಟೆಗೆ ಬಂದರು. ಭಾವ, ಯೋಗೀಶ, ಯೋಗೀಶನ ದೊಡ್ಡಪ್ಪ. ಕಾರಿನಲ್ಲಿ ಬಂದಿದ್ದರು. ಸರೋಜ ಬೆಳಿಗ್ಗೆ ಐದಕ್ಕೇ ಎದ್ದು ಕಡುಬು ಮಾಡಿದ್ದಳು. ಎಲ್ಲರೂ ತಿಂದರು. ಯೋಗೀಶ ಕೈ ತೊಳೆದು ಬಂದು ನನ್ನ ಕಾಲು ಮುಟ್ಟಿದ. ತನ್ನದೂ ತಪ್ಪಿದೆ, ಅಂಗಡಿಯ ತಲೆಬಿಸಿ ಎಂದ. ದೊಡ್ಡಪ್ಪ ಎರಡು ಕೈ ಸೇರಿದರೇ ಚಪ್ಪಾಳೆ ಎಂದರು. ಹೋದ ಸಲವೂ ಅವರು ಅದನ್ನೇ ಹೇಳಿದ್ದರು. ಭಾವ ಸರೋಜಳಿಗೆ ಬ್ಯಾಗು ಕಟ್ಟಲು ಹೇಳಿದರು. ಅವಳು ಒಳಗೆ ಹೋದಳು.

ಮಗಳು ಬಾಗಿಲ ಬಳಿ ನಿಂತಿದ್ದಳು. ಯೋಗೀಶ ಅವಳ ಎಡಗಡೆ ಹೋಗಿ, ಹೊರಡೋಣವಾ ಎಂದು ಮೆಲ್ಲಗೆ ಕೇಳಿದ. ಅವಳು ಅಂಗಳ ನೋಡುತ್ತಲೇ ಇದ್ದಳು. ಮತ್ತೊಮ್ಮೆ ಕೇಳಿದ.

“ಕಾಣಿ ಭಾವ, ಗಂಡ ಕರ್ದ್ರೂ ಮುಖ ತಿರ್ಗ್ಸುದಿಲ್ಲೆ. ಇದೇ ಸೊಕ್ಕ್,” ಎಂದರು ಪ್ರೇಮಾನಂದ ಭಾವ.

“ಸೊಕ್ಕ್ ಅಲ್ಲ. ಅವ್ಳಿಗೆ ಆ ಬದಿ ಕೆಮಿ ಕೇಂತಿಲ್ಲೆ.”

ಹೇಳಿದ್ದು ನಾನೇ. ಯೋಗೀಶ ನೆಲ ನೋಡಿದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಬದಿಗೇ ಹೋಗಿ ನಿಂತಿದ್ದ, ಅಥವಾ ಮರೆತಿದ್ದ. ಯಾವುದು ಹೆಚ್ಚು ಕೆಟ್ಟದ್ದು ಎಂದು ಈಗಲೂ ಯೋಚಿಸುತ್ತಿದ್ದೇನೆ. ದೊಡ್ಡಪ್ಪ ಕಿವಿಗೆ ಈಗ ಒಳ್ಳೊಳ್ಳೆ ಡಾಕ್ಟರು ಇದ್ದಾರೆ ಎಂದರು.

ಈ ಸಲ ನಾನು ಬಿಡಲು ಬರುವುದಿಲ್ಲ ಎಂದೆ. ಅಷ್ಟು ಹೇಳಿದರೆ ಎಲ್ಲ ನಿಂತುಹೋಗುತ್ತದೆ ಎಂದುಕೊಂಡಿದ್ದೆ. ಭಾವ ಸಮಾಧಾನದಲ್ಲೇ ಹೇಳಿದರು:

“ನೀವ್ ಬಪ್ಪುದ್ ಬ್ಯಾಡ. ಕಾರ್ ಇತ್ತಲೆ.”

ನಿಜ. ನಾನು ಬರದಿದ್ದರೂ ಅವಳು ಹೋಗಬಹುದು. ಬ್ಯಾಗು ಹೊರದೆ ಇದ್ದಷ್ಟಕ್ಕೆ ಏನೂ ಆಗುವುದಿಲ್ಲ. ಸರೋಜ ಬ್ಯಾಗು ಹಿಡಿದು ಹೊರಗೆ ಬಂದಳು. ಎದ್ದು ಮಗಳ ಬಲಗಡೆ ಹೋಗಿ ನಿಂತೆ.

“ಮಗಾ, ನಿಂಗೆ ಹೋಪುಕೆ ಮನ್ಸ್ ಇತ್ತಾ?”

ಅವಳು ನನ್ನನ್ನು ನೋಡಿದಳು. ಎಲ್ಲರನ್ನೂ ನೋಡಿದಳು. ಹಿಂದಿನ ಎರಡು ಸಲ ನಾವು ಯಾರೂ ಇದನ್ನು ಕೇಳಿರಲಿಲ್ಲ, ಮದುವೆಗೆ ಮೊದಲೂ ಕೇಳಿರಲಿಲ್ಲ.

“ಇಲ್ಲೆ ಅಪ್ಪಯ್ಯ.”

ಹಾಗಾದರೆ ಹೋಗುವುದು ಬೇಡ ಎಂದೆ. ಆಮೇಲೆ ಬಹಳ ಮಾತುಗಳಾದವು. ಎಲ್ಲ ಬರೆಯಲು ಶಕ್ತಿಯಿಲ್ಲ. ಇನ್ನು ಯಾವುದಕ್ಕೂ ತನ್ನನ್ನು ಕರೆಯಬೇಡಿ ಎಂದು ಭಾವ ಹೇಳಿದರು. ಕಾರು ಹಿಂದೆ ತಿರುಗಿಸುವಾಗ ತುಳಸಿಕಟ್ಟೆಯ ಅಂಚಿಗೆ ತಗುಲಿತು. ಯಾರೂ ಇಳಿದು ನೋಡಲಿಲ್ಲ.

ಸರೋಜ ಬ್ಯಾಗನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಹೋದಳು.

೩ ಡಿಸೆಂಬರ್

ಸರೋಜ ಮಾತಾಡುವುದಿಲ್ಲ. ಊಟಕ್ಕೆ ಬಡಿಸುತ್ತಾಳೆ. ಇವತ್ತು ಒಂದೇ ಮಾತು:

“ನಾಳಿಗೆ ನಾವ್ ಸತ್ತ್ ಮೇಲೆ ಅವ್ಳನ್ ಯಾರ್ ಕಾಂಬುದ್?”

ಹೆದರಿಕೆ ಅವಳದ್ದೂ ಸುಳ್ಳಲ್ಲ. ಸುಸ್ತಾಗಿದೆ.

೯ ಡಿಸೆಂಬರ್, ಬುಧವಾರ

ಮಗಳನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊರಡುವ ಹೊತ್ತಿಗೆ ಸರೋಜಳೂ ಸೀರೆ ಉಟ್ಟು ಬಂದು ಬಸ್ಸು ಹತ್ತಿದಳು. ಬರುತ್ತೇನೆ ಎಂದೂ ಹೇಳಲಿಲ್ಲ.

ಡಾಕ್ಟರು ಹರೆಯದವರು. ಪೆಟ್ಟು ಹೇಗೆ ಬಿತ್ತು ಎಂದು ಕೇಳಿದರು. ಬಚ್ಚಲಲ್ಲಿ ಜಾರಿ ಎನ್ನಲು ನನ್ನ ಬಾಯಿ ತಾನಾಗಿಯೇ ತೆರೆದಿತ್ತು. ಅದಕ್ಕೆ ಮೊದಲೇ ಅವಳು ಹೇಳಿದಳು.

“ಗಂಡ ಹೊಡ್ದದ್ದ್. ಮಾರ್ಚ್ ಹನ್ನೆರಡಕ್ಕೆ.”

ಅವರು ಬರೆದುಕೊಂಡರು. ಒಂದೆರಡು ವಾರದೊಳಗೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಎಡಗಿವಿ ಮತ್ತೆ ಕೇಳುವುದು ಕಷ್ಟ ಎಂದರು. ಬಲಗಿವಿ ಚೆನ್ನಾಗಿದೆ. ಮಗಳು ತಲೆಯಾಡಿಸಿದಳು. ಅವಳಿಗೆ ಅದು ಹೊಸ ವಿಷಯವಲ್ಲ.

ಮನೆಗೆ ಬಂದು ಇದೇ ಡೈರಿಯ ಹಿಂದಿನ ಹಾಳೆಗಳನ್ನು ತಿರುವಿದೆ. ಮಾರ್ಚ್ ೧೧, ನನ್ನದೇ ಅಕ್ಷರ: ‘ವಿಜೇತಾಳನ್ನು ಬ್ರಹ್ಮಾವರಕ್ಕೆ ಬಿಟ್ಟು ಬಂದೆ. ಎಲ್ಲ ಸರಿಯಾಯಿತು. ಇನ್ನು ನೆಮ್ಮದಿ.’ ಮಾರ್ಚ್ ೧೨ರ ಹಾಳೆಯಲ್ಲಿ ಏನೂ ಇಲ್ಲ. ಬರೆಯುವಂಥದ್ದು ಏನೂ ನಡೆದಿಲ್ಲ ಎಂದು ಬಿಟ್ಟಿರಬೇಕು.

೨೨ ಡಿಸೆಂಬರ್

ಮಗಳು ಆ ಚೀಟಿಯ ನಂಬರಿಗೆ ಫೋನು ಮಾಡಿದಳು. ಉಡುಪಿಗೆ ಒಬ್ಬಳೇ ಹೋಗಿ ಗಂಡನ ಮೇಲೆ ಅರ್ಜಿ ಕೊಟ್ಟು ಬಂದಳು. ನಾನು ಬರಲಾ ಎಂದದ್ದಕ್ಕೆ ಮೊಣಕಾಲು ನೋಯುತ್ತದೆ, ಬೇಡ ಎಂದಳು. ಬೈಂದೂರಿನಲ್ಲಿ ಭಾವನ ಮಗನ ಮದುವೆಯಂತೆ, ನಮಗೆ ಕರೆಯ ಕಾಗದ ಬಂದಿಲ್ಲ. ಸರೋಜ ಎರಡು ದಿನ ಅತ್ತಳು. ಆಮೇಲೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕೂತಳು.

೧೯ ಜನವರಿ ೨೦೧೦, ಮಂಗಳವಾರ

ಅರ್ಧ ದಿನ ರಜೆ ಹಾಕಿ ಪಂಚಾಯ್ತಿ ಆಫೀಸಿಗೆ ಹೋಗಿದ್ದೆ. ಮದುವೆಯಾದಾಗ ಮಗಳ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಿದ್ದೆವು. ಮತ್ತೆ ಸೇರಿಸಬೇಕು. ಒಂದೂವರೆ ಗಂಟೆ ಸಾಲಿನಲ್ಲಿ ನಿಂತೆ. ಮುಂದಿದ್ದ ನೆರೆಮನೆಯ ಪದ್ದು, ಮಗಳು ಇನ್ನೂ ಎಷ್ಟು ದಿನ ಇರುತ್ತಾಳೆ ಎಂದು ಕೇಳಿದಳು. ಕಾರ್ಡಿಗೆ ಹೆಸರು ಸೇರಿಸಲು ಬಂದಿದ್ದೇನೆ ಎಂದೆ. ಅವಳು ಮುಂದೆ ತಿರುಗಿ ನಿಂತಳು.

ಮೇಜಿನ ಹಿಂದೆ ಚಂದ್ರ ಇದ್ದ. ನಮ್ಮ ಕಾಲೇಜಿನಲ್ಲೇ ಓದಿದ ಹುಡುಗ, ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ. ಅರ್ಜಿಯನ್ನು ಅವನೇ ತುಂಬಿದ. ಹೆಸರು, ವಯಸ್ಸು, ಕಾರ್ಡುದಾರರಿಗೆ ಏನಾಗಬೇಕು. ಕೊನೆಯಲ್ಲಿ ಪೆನ್ನು ನಿಲ್ಲಿಸಿದ. ಹೆಸರು ಸೇರಿಸಲು ಕಾರಣ ಏನೆಂದು ಬರೆಯಬೇಕಂತೆ. ಅದು ಖಾಲಿ ಇದ್ದರೆ ಮೇಲಿನವರು ವಾಪಸು ಕಳಿಸುತ್ತಾರೆ. ಗಂಡ ತೀರಿಕೊಂಡದ್ದಾ, ವಿಚ್ಛೇದನವಾ ಎಂದು ಮುಜುಗರದಿಂದ ಕೇಳಿದ. ಎರಡೂ ಅಲ್ಲ ಎಂದೆ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

“ಮಗಳ್ ಅಂದ್ಹೇಳಿ ಬರಿ,” ಎಂದೆ.

ಅದು ಸಂಬಂಧದ ಕಾಲಂ ಸೂರಣ್ಣ, ಅಲ್ಲಿ ಬರೆದಾಗಿದೆ, ಇದು ಕಾರಣದ್ದು ಎಂದ.

ಎರಡರಲ್ಲೂ ಅದನ್ನೇ ಬರೆ ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಬರೆದ.